ಪಾದಚಾರಿಯ ಕ್ಷೇಮಕ್ಕೆ ಎಷ್ಟು ಅಂಕ?

ವಾಹನದ ಒಳಗೆ ಕುಳಿತವನಿಗೆ ಸೊಂಟಪಟ್ಟಿಯುಂಟು, ಗಾಳಿಚೀಲವುಂಟು, ಸುತ್ತಲೂ ಉಕ್ಕಿನ ಗೂಡುಂಟು. ಹೊರಗೆ ನಡೆದು ಹೋಗುವವನಿಗೆ ಇವು ಯಾವುವೂ ಇಲ್ಲ. ವಾಹನವು ತಾಗಿದ ಗಳಿಗೆಯಲ್ಲಿ ಅವನಿಗೆ ದೊರೆಯತಕ್ಕ ರಕ್ಷಣೆ ಏನಿದ್ದರೂ ಅದು ಆ ವಾಹನದ ಮುಖದ ತಗಡಿನಲ್ಲಿಯೇ ಇರಬೇಕು. ೨೦೨೨ನೆಯ ಇಸವಿಯಲ್ಲಿ ಭಾರತದ ರಸ್ತೆಗಳ ಮೇಲೆ ಮಡಿದವರು ೧,೬೮,೪೯೧ ಮಂದಿ. ಅವರಲ್ಲಿ ಪಾದಚಾರಿಗಳು ೩೨,೮೨೫ ಎಂದು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ಎಂದರೆ, ಐವರಲ್ಲಿ ಒಬ್ಬರು ಕಾಲುನಡಿಗೆಯವರು.

ಧಾರವಾಡದಿಂದ ಬೆಳಗಾವಿಯ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಬೇಲೂರು ಕೈಗಾರಿಕಾ ಪ್ರದೇಶವು ಸಿಕ್ಕುತ್ತದೆ. (ಇದು ಹೊಯ್ಸಳರ ಬೇಲೂರಲ್ಲ, ಶಿಲಾಬಾಲಿಕೆಯರನ್ನು ಕಾಣಬೇಕೆಂದು ಇಲ್ಲಿ ಇಳಿದವರಿಗೆ ಆಶಾಭಂಗವಾದೀತು.) ಟಾಟಾ ಮೋಟರ್ಸ್ ಸಂಸ್ಥೆಯು ಬ್ರೆಜಿಲ್ ದೇಶದ ಮಾರ್ಕೊಪೋಲೊ ಸಂಸ್ಥೆಯೊಡನೆ ೨೦೦೬ರಲ್ಲಿ ಒಪ್ಪಂದ ಮಾಡಿಕೊಂಡು, ಬಸ್ಸಿನ ಮೈಕಟ್ಟುವ ಕಾರ್ಖಾನೆಯನ್ನು ಸ್ಥಾಪಿಸಿದ್ದು ಇಲ್ಲಿಯೇ. ೨೦೨೦ರ ಕೊನೆಯಲ್ಲಿ ಮಾರ್ಕೊಪೋಲೊ ತನ್ನ ಪಾಲನ್ನು ಬಿಟ್ಟುಕೊಡಲು ತೀರ್ಮಾನಿಸಿತು. ಕಾರ್ಖಾನೆಯ ಹೆಸರು ಬದಲಾಯಿತು. ಇಲ್ಲಿ ಮೈತಳೆದ ಬಸ್ಸಿನಲ್ಲಿ ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ಕಾಲೇಜಿಗೆ ಹೋಗಿ ಬಂದಿರಬಹುದು. ಹೀಗಿರುವಲ್ಲಿ, ವಾಹನದ ಮುಖಕ್ಕೆ ಅದರ ಎದುರಿಗೆ ಸಿಕ್ಕುವವನ ದೃಷ್ಟಿಯಿಂದ ಯಾರಾದರೂ ಅಂಕ ಕೊಡುತ್ತಾರೆಯೇ, ಕೊಟ್ಟರೆ ಆ ಅಂಕ ಹೇಗೆ ಹುಟ್ಟುತ್ತದೆ, ಎಂದು ಕೇಳುವುದು ಸಹಜವಾಗಿದೆ. ಕಾರಿಗೆ ಕೊಡುತ್ತಾರೆ. ಬಸ್ಸಿನ ಮಾತನ್ನು ಕೊನೆಗೆ ನೋಡೋಣ.

ಮೊದಲು ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರದಿಂದಲೇ ಹೊರಡೋಣ. ಗಂಟೆಗೆ ೪೦ ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು ೧೧.೧ ಮೀಟರು. ಈ ವೇಗದಲ್ಲಿ ಬಂದ ತಲೆಯೊಂದು ಕಾರಿನ ಬಾನೆಟ್ಟಿಗೆ ಬಡಿದು, ತಗಡನ್ನು ೭ ಸೆಂಟಿಮೀಟರಿನಷ್ಟು ತಗ್ಗಿಸಿ ನಿಂತಿತೆಂದು ಭಾವಿಸಿರಿ. ವೇಗವು ಒಂದೇ ಸಮನಾಗಿ ಕುಗ್ಗಿತೆಂದರೆ, ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದಾಗ ಕುಗ್ಗುವ ದರ ದೊರೆಯುತ್ತದೆ: ಸೆಕೆಂಡಿಗೆ ಸೆಕೆಂಡಿಗೆ ೮೮೨ ಮೀಟರು. ಭೂಮಿಯ ಗುರುತ್ವದ ವೇಗೋತ್ಕರ್ಷವನ್ನು ಒಂದು 'ಜಿ' ಎಂದು ಕರೆದರೆ ಇದು ಸುಮಾರು ೯೦ ಜಿ. ತಲೆ ನಿಲ್ಲಲು ಹಿಡಿಯುವ ಕಾಲ ೧೨.೬ ಮಿಲಿಸೆಕೆಂಡು. ಪರೀಕ್ಷೆಗಳಲ್ಲಿ ವಯಸ್ಕನ ತಲೆಯ ರಾಶಿಯನ್ನು ೪.೫ ಕಿಲೋಗ್ರಾಂ ಎಂದು ಇಟ್ಟುಕೊಳ್ಳುತ್ತಾರೆ. ಆದುದರಿಂದ ಆ ಹನ್ನೆರಡೂವರೆ ಮಿಲಿಸೆಕೆಂಡುಗಳ ಕಾಲ ತಲೆಯ ಮೇಲೆ ಬೀಳುವ ಬಲವು ನಾಲ್ಕು ಕ್ವಿಂಟಲ್ ಜೋಳದ ಭಾರಕ್ಕೆ ಸಮ. ಕಣ್ಣು ಮಿಟುಕಿಸಲು ಇದರ ಹತ್ತರಷ್ಟು ಹೊತ್ತು ಬೇಕು.

ಈ ಹೊಡೆತವನ್ನು ತಲೆ ತಾಳಿಕೊಂಡೀತೇ? ಬಲ ಎಷ್ಟು ಎಂಬುದೊಂದೇ ಸಾಲದು, ಎಷ್ಟು ಹೊತ್ತು ಎಂಬುದೂ ಬೇಕು. ಅಮೆರಿಕದ ಡೆಟ್ರಾಯಿಟ್ ನಗರದ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೃತದೇಹಗಳ ಮೇಲೆಯೂ ಪ್ರಾಣಿಗಳ ಮೇಲೆಯೂ ಪ್ರಯೋಗ ನಡೆಸಿದವರು, ಬಹಳ ಅಲ್ಪಕಾಲವಾದರೆ ತಲೆಬುರುಡೆಯು ದೊಡ್ಡ ವೇಗೋತ್ಕರ್ಷವನ್ನೂ ತಾಳುತ್ತದೆ, ಕಾಲ ಹೆಚ್ಚಿದಂತೆ ತಾಳಿಕೆ ಕುಗ್ಗುತ್ತದೆ ಎಂಬುದನ್ನು ಒಂದು ವಕ್ರರೇಖೆಯಾಗಿ ಬರೆದರು. ೧೯೬೬ರಲ್ಲಿ ಗ್ಯಾಡ್ ಎಂಬವರು ಆ ರೇಖೆಯನ್ನು ಲಾಗರಿದಮ್ ಕಾಗದದ ಮೇಲೆ ಎಳೆದು ನೋಡಿದಾಗ ಅದು ಸರಿಸುಮಾರು ನೇರವಾಯಿತು; ಅದರ ಓಟದಿಂದ ೨.೫ ಎಂಬ ಘಾತಾಂಕ ದೊರೆಯಿತು. ೧೯೭೧ರಲ್ಲಿ ವರ್ಸೇಸ್ ಎಂಬವರು ಅದನ್ನು ತಿದ್ದಿ ಈಗಿನ ರೂಪಕ್ಕೆ ತಂದರು. ಅದೇ ತಲೆಪೆಟ್ಟಿನ ಮಾನ, ಇಂಗ್ಲಿಷಿನ ಮೊದಲಕ್ಷರಗಳಿಂದ ಎಚ್‌ಐಸಿ. ಲೆಕ್ಕ ಹೀಗೆ: ಒಂದು ಕಾಲಾವಧಿಯನ್ನು ಆರಿಸಿಕೊಂಡು, ಆ ಅವಧಿಯಲ್ಲಿನ ಸರಾಸರಿ ವೇಗೋತ್ಕರ್ಷವನ್ನು ಜಿ ಲೆಕ್ಕದಲ್ಲಿ ತೆಗೆದು, ಅದನ್ನು ೨.೫ನೆಯ ಘಾತಕ್ಕೆ ಏರಿಸಿ, ಸೆಕೆಂಡುಗಳಲ್ಲಿರುವ ಅವಧಿಯಿಂದ ಗುಣಿಸಬೇಕು. ೧೫ ಮಿಲಿಸೆಕೆಂಡಿಗೆ ಮೀರದ ಎಲ್ಲ ಅವಧಿಗಳನ್ನೂ ಹೀಗೆ ಪರೀಕ್ಷಿಸಿ, ಅವುಗಳಲ್ಲಿ ಬಂದ ಅತಿ ದೊಡ್ಡ ಫಲವನ್ನು ಇಟ್ಟುಕೊಳ್ಳಬೇಕು.

ಈ ಎರಡೂವರೆಯ ಘಾತಕ್ಕೆ ಇಷ್ಟು ಮಹತ್ವವೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಘಾತಾಂಕವು ಒಂದೇ ಆಗಿದ್ದರೆ ವೇಗೋತ್ಕರ್ಷ ಮತ್ತು ಕಾಲಗಳ ಗುಣಲಬ್ಧ ಬರುತ್ತದೆ. ಅದು ತಲೆ ಕಳೆದುಕೊಂಡ ವೇಗವೇ ಹೊರತು ಬೇರೆಯಲ್ಲ. ಹತ್ತಿಯ ಮೂಟೆಗೆ ಬಡಿದರೂ ಬಂಡೆಗೆ ಬಡಿದರೂ ಉತ್ತರ ಒಂದೇ ಆಗುತ್ತಿತ್ತು! ಘಾತ ಹೆಚ್ಚಿದಾಗ ಮಾತ್ರ ಹತ್ತಿಗೂ ಬಂಡೆಗೂ ಭೇದ ತೋರುತ್ತದೆ. ಆದರೆ ಈ ಸಂಖ್ಯೆಯು ನ್ಯೂಟನ್ನನ ನಿಯಮದಂತೆ ಪ್ರಕೃತಿಯಿಂದ ನೇರವಾಗಿ ಬಂದುದಲ್ಲ, ಕೆಲವು ಪ್ರಯೋಗಬಿಂದುಗಳ ನಡುವೆ ಎಳೆದ ಗೆರೆಯಿಂದ ಬಂದುದು. ಮೇಲಾಗಿ, ತಲೆಯು ಗಿರ್ರನೆ ತಿರುಗಿದಾಗ ಮಿದುಳಿಗೆ ಆಗತಕ್ಕ ಹಾನಿಯನ್ನು ಇದು ಗಣನೆಗೆ ತೆಗೆದುಕೊಳ್ಳುವುದೇ ಇಲ್ಲ.

ನಮ್ಮ ಉದಾಹರಣೆಗೆ ಮರಳೋಣ. ೯೦ ಜಿ, ೧೨.೬ ಮಿಲಿಸೆಕೆಂಡು: ಎಚ್‌ಐಸಿ ಸುಮಾರು ೯೭೦. ತಗಡಿನ ಕೆಳಗೆ ಎಂಜಿನ್ನು ಹತ್ತಿರವೇ ಇದ್ದು ತಲೆಗೆ ೫ ಸೆಂಟಿಮೀಟರು ಮಾತ್ರ ಎಡೆ ಸಿಕ್ಕಿದರೆ ಅದು ೧,೬೦೦ ಆಗುತ್ತದೆ. ಮೂರೂವರೆ ಸೆಂಟಿಮೀಟರಾದರೆ ೨,೭೦೦ ದಾಟುತ್ತದೆ. ಸಮವಾಗಿ ವೇಗ ಕುಗ್ಗುವ ಈ ಸರಳ ಸಂದರ್ಭದಲ್ಲಿ ಎಚ್‌ಐಸಿಯು ವೇಗದ ನಾಲ್ಕನೆಯ ಘಾತದಂತೆ ಏರುತ್ತದೆ, ದೂರದ ಒಂದೂವರೆಯ ಘಾತದಂತೆ ಇಳಿಯುತ್ತದೆ. ವಾಚಕರು ಇದನ್ನು ತಾವೇ ಸಾಧಿಸಿ ನೋಡಬಹುದು, ನಾಲ್ಕು ಸಾಲುಗಳ ಕೆಲಸ. ವೇಗವು ೪೦ರಿಂದ ೫೦ಕ್ಕೆ ಏರಿದರೆ ಪೆಟ್ಟು ಸುಮಾರು ಎರಡೂವರೆಯಷ್ಟಾಗುತ್ತದೆ. ೩೦ಕ್ಕೆ ಇಳಿದರೆ ಮೂರನೆಯ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಶಾಲೆಯ ಮುಂದೆ ವೇಗದ ಮಿತಿಯ ಫಲಕವನ್ನು ನೆಡುವವರು ಈ ನಾಲ್ಕನೆಯ ಘಾತವನ್ನೂ ಅದರ ಕೆಳಗೆ ಬರೆಸಿದರೆ ಒಳ್ಳೆಯದಿತ್ತು.

ವಿಶ್ವಸಂಸ್ಥೆಯ ಆಶ್ರಯದಲ್ಲಿ ೨೦೦೮ರಲ್ಲಿ ಒಪ್ಪಿತವಾದ ಜಾಗತಿಕ ತಾಂತ್ರಿಕ ನಿಯಮವು, ಗಂಟೆಗೆ ೩೫ ಕಿ.ಮೀ. ವೇಗದ ಪರೀಕ್ಷೆಯಲ್ಲಿ ಬಾನೆಟ್ಟಿನ ಮೂರರಲ್ಲಿ ಎರಡು ಪಾಲಿನ ಮೇಲೆ ಎಚ್‌ಐಸಿ ೧,೦೦೦ವನ್ನು ಮೀರಬಾರದು, ಉಳಿದ ಪಾಲಿನಲ್ಲಿ ೧,೭೦೦ವನ್ನು ಮೀರಬಾರದು ಎಂದು ವಿಧಿಸುತ್ತದೆ. ನಮ್ಮ ದೇಶದಲ್ಲಿ ಈ ವಿಷಯಕ್ಕೆ ಎಐಎಸ್-೧೦೦ ಎಂಬ ಮಾನಕವಿದೆ. ೨೦೨೩ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ಅಥವಾ ಹೆಚ್ಚು ನಕ್ಷತ್ರ ಬೇಕಾದ ಕಾರು ಆ ಮಾನಕವನ್ನು ಪಾಲಿಸಿರಬೇಕು. ಇವೆಲ್ಲ ತೇರ್ಗಡೆ ಅಥವಾ ನಪಾಸು ಎಂಬ ಬಗೆಯವು. ಅಂಕ ಕೊಡುವ ಪದ್ಧತಿಯನ್ನು ವಿಸ್ತಾರವಾಗಿ ಬೆಳೆಸಿದುದು ಯೂರೋಪಿನ ಯೂರೋ ಎನ್‌ಕ್ಯಾಪ್ ಸಂಸ್ಥೆ. ೨೦೧೩ರಿಂದ ಅವರು ಅನುಸರಿಸಿದ ಜಾಲರಿ ಪದ್ಧತಿಯೇ ನಮ್ಮ ಮುಖ್ಯ ವಿಷಯ.

ನೆಲದಿಂದ ಒಂದು ಅಳತೆಪಟ್ಟಿಯನ್ನು ಹಿಡಿದು, ಬಂಪರನ್ನು ಹಾಯಿಸಿ, ಬಾನೆಟ್ಟಿನ ಮೇಲೆ ಹಿಂದಕ್ಕೆ ಎಳೆಯುತ್ತಾರೆ. ಪಟ್ಟಿಯ ಮೇಲೆ ಒಂದು ಮೀಟರಿನಿಂದಾಚೆ ಮಗುವಿನ ತಲೆ ಬಡಿಯುವ ವಲಯ, ಇನ್ನೂ ಹಿಂದೆ, ಮುಂದಿನ ಗಾಜಿನ ಕಡೆಗೆ, ವಯಸ್ಕನ ವಲಯ. ಈ ವಲಯಗಳ ಮೇಲೆಲ್ಲ ೧೦ ಸೆಂಟಿಮೀಟರಿಗೆ ಒಂದರಂತೆ ಬಿಂದುಗಳ ಜಾಲರಿಯನ್ನು ಹಾಸುತ್ತಾರೆ. ಕೃತಕ ತಲೆಯನ್ನು ಗಂಟೆಗೆ ೪೦ ಕಿ.ಮೀ. ವೇಗದಲ್ಲಿ ಹೊಡೆದಾಗ ಆ ಬಿಂದುವಿನಲ್ಲಿ ಬರುವ ಎಚ್‌ಐಸಿಯ ಪ್ರಕಾರ ಬಿಂದುವಿಗೆ ಬಣ್ಣ: ೬೫೦ರ ಒಳಗಾದರೆ ಹಸುರು, ಒಂದು ಅಂಕ, ೧,೦೦೦ದ ಒಳಗೆ ಹಳದಿ, ಮುಕ್ಕಾಲು ಅಂಕ, ೧,೩೫೦ರ ಒಳಗೆ ಕಿತ್ತಳೆ, ಅರ್ಧ, ೧,೭೦೦ರ ಒಳಗೆ ಕಂದು, ಕಾಲು, ಅದರಾಚೆ ಕೆಂಪು, ಸೊನ್ನೆ. ಬಣ್ಣ ಬಳಿದ ಬಾನೆಟ್ಟಿನ ಚಿತ್ರವನ್ನು ನೋಡಿದೊಡನೆಯೇ ಅಡಿಯಲ್ಲಿ ಏನಿದೆಯೆಂದು ಊಹಿಸಬಹುದು. ನಡುವಿನ ಬಯಲು ಹಸುರಾಗಿರುತ್ತದೆ. ಬ್ಯಾಟರಿ, ಬಾನೆಟ್ಟಿನ ಕೀಲು, ವೈಪರಿನ ಬುಡ, ಗಾಜಿನ ಎರಡು ಕಡೆಯ ಕಂಬಗಳು ಕೆಂಪಾಗಿರುತ್ತವೆ.

ಒಂದು ಕಾರಿನ ಮೇಲೆ ಇಂಥ ಬಿಂದುಗಳು ಇನ್ನೂರರ ಸುತ್ತಮುತ್ತ ಬರುತ್ತವೆಂದು ಇಟ್ಟುಕೊಳ್ಳೋಣ. ಪ್ರತಿಯೊಂದನ್ನೂ ನಿಜವಾಗಿ ಹೊಡೆದು ನೋಡುವುದಾದರೆ ಇನ್ನೂರು ಬಾನೆಟ್ಟುಗಳು ಹಾಳು. ಆದುದರಿಂದ ಗಣಕಯಂತ್ರದೊಳಗೆ ಹೊಡೆಯುತ್ತಾರೆ. ತಗಡನ್ನು ಕೆಲವೇ ಮಿಲಿಮೀಟರುಗಳ ಚಿಕ್ಕ ಚಿಕ್ಕ ತುಂಡುಗಳಾಗಿ ವಿಭಜಿಸಿ, ಪ್ರತಿ ತುಂಡಿಗೂ ನ್ಯೂಟನ್ನನ ಎರಡನೆಯ ನಿಯಮವನ್ನು ಅನ್ವಯಿಸಿ, ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಹೆಜ್ಜೆಗಳಿಂದ ಕಾಲವನ್ನು ಮುಂದೊತ್ತುವ ವಿಧಾನ ಇದು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ ೧೯೭೬ರಲ್ಲಿ ಸಿದ್ಧಪಡಿಸಿದ ಡೈನಾ-೩ಡಿ ಎಂಬ ಕ್ರಮವಿಧಿಯ ಸಂತತಿ ಇಂದಿಗೂ ಈ ಕೆಲಸದಲ್ಲಿದೆ. ಇಪ್ಪತ್ತು ಮಿಲಿಸೆಕೆಂಡಿನ ಒಂದು ಡಿಕ್ಕಿಗೆ ಇಪ್ಪತ್ತು ಸಾವಿರ ಹೆಜ್ಜೆಗಳು. ಇದರ ಫಲವಾಗಿ ಪ್ರತಿ ಬಿಂದುವಿಗೂ ಒಂದು ವೇಗೋತ್ಕರ್ಷ-ಕಾಲ ರೇಖೆ ದೊರೆಯುತ್ತದೆ.

ಇಲ್ಲಿ ಟೆಂಪ್ಲೇಟು ಬರುತ್ತದೆ. ತಹಸೀಲ್ದಾರರ ಕಚೇರಿಯ ಅಚ್ಚಾದ ನಮೂನೆಯನ್ನು ಎಲ್ಲರೂ ನೋಡಿದ್ದೇವೆ: ಹೆಸರಿಗೆ ಒಂದು ಮನೆ, ಸರ್ವೆ ನಂಬರಿಗೆ ಒಂದು ಮನೆ, ತುಂಬುವವನು ಬದಲಾದರೂ ಮನೆಗಳು ಬದಲಾಗವು. ತಂತ್ರಾಂಶದ ಟೆಂಪ್ಲೇಟು ತನ್ನ ಮನೆಗಳನ್ನು ತಾನೇ ತುಂಬಿಕೊಳ್ಳುವ ನಮೂನೆ. ಇನ್ನೂರು ಡಿಕ್ಕಿಗಳ ಫಲಿತಗಳಿರುವ ಕಡತವನ್ನು ತೋರಿಸಿದರೆ ಸಾಕು. ಪ್ರತಿ ತಲೆಯ ಕೇಂದ್ರದ ವೇಗೋತ್ಕರ್ಷದ ಮೂರು ಘಟಕಗಳನ್ನು ಕೂಡಿಸಿ ಪರಿಣಾಮಿಯನ್ನು ತೆಗೆಯುತ್ತದೆ, ಸಣ್ಣ ನಡುಕಗಳನ್ನು ಸೋಸುತ್ತದೆ, ಎಚ್‌ಐಸಿಯನ್ನು ಗಣಿಸುತ್ತದೆ, ಬಣ್ಣವನ್ನು ಆರಿಸಿ ಬಿಂದುವಿನ ಮೇಲೆ ಇಡುತ್ತದೆ, ಅಂಕಗಳನ್ನು ಕೂಡಿಸಿ ಚಿತ್ರಸಹಿತವಾದ ವರದಿಯನ್ನು ಕೈಗಿಡುತ್ತದೆ. ಇದು ಸೋಮಾರಿಗಳ ಉಪಾಯವೆಂದು ಯಾರೂ ತಿಳಿಯಬಾರದು. ರೇಖೆಯ ಮೇಲೆ ೦.೧ ಮಿಲಿಸೆಕೆಂಡಿಗೊಂದರಂತೆ ೨೦ ಮಿಲಿಸೆಕೆಂಡಿಗೆ ೨೦೧ ಬಿಂದುಗಳಿದ್ದರೆ, ೧೫ ಮಿಲಿಸೆಕೆಂಡಿಗೆ ಮೀರದ ಕಾಲಾವಧಿಗಳು ೧೮,೮೨೫. ಇನ್ನೂರು ಡಿಕ್ಕಿಗಳಿಗೆ ಮೂವತ್ತೇಳು ಲಕ್ಷಕ್ಕೂ ಮಿಕ್ಕು. ಬಾನೆಟ್ಟಿನ ಒಳಮಗ್ಗುಲಿನ ಒಂದು ಪಟ್ಟಿಯನ್ನು ಬದಲಿಸಿದರೆ ಮತ್ತೆ ಅಷ್ಟೂ ಲೆಕ್ಕ. ಕೈಯಿಂದ ಸಂಖ್ಯೆಗಳನ್ನು ನಕಲು ಮಾಡುತ್ತ ಕುಳಿತವನು ಎಲ್ಲಿಯಾದರೂ ೧,೦೬೦ನ್ನು ೧,೦೦೬ ಎಂದು ಬರೆದೇ ಬರೆಯುತ್ತಾನೆ.

ಒಂದು ಕಲ್ಪಿತ ಕಾರನ್ನು ತೆಗೆದುಕೊಂಡು ಅಂಕವನ್ನು ನಾವೇ ಹಾಕೋಣ. ಇನ್ನೂರರಲ್ಲಿ ಹಸುರು ೬೦, ಹಳದಿ ೭೦, ಕಿತ್ತಳೆ ೩೦, ಕಂದು ೨೦, ಕೆಂಪು ೨೦. ಮೊತ್ತವು ೬೦ + ೫೨.೫ + ೧೫ + ೫ + ೦ = ೧೩೨.೫. ಇನ್ನೂರರಿಂದ ಭಾಗಿಸಿದರೆ ೦.೬೬೨೫. ೨೦೨೨ರ ತನಕ ತಲೆಯ ವಿಭಾಗಕ್ಕೆ ೨೪ ಅಂಕಗಳಿದ್ದವು. ಆ ಲೆಕ್ಕದಲ್ಲಿ ನಮ್ಮ ಕಾರಿಗೆ ೧೫.೯. ೨೦೨೩ರಲ್ಲಿ ಆ ವಿಭಾಗದ ಗರಿಷ್ಠವನ್ನು ೧೮ಕ್ಕೆ ಇಳಿಸಿದರು. ಆ ಲೆಕ್ಕದಲ್ಲಿ ಅದೇ ಬಣ್ಣಗಳಿಗೆ ಬರುವುದು ೧೧.೯. ತಗಡಿನಲ್ಲಿ ಒಂದು ಎಳೆಯೂ ಬದಲಾಗಿಲ್ಲ! ಯಾವ ವರ್ಷದ ನಿಯಮದ ಟೆಂಪ್ಲೇಟಿನಿಂದ ಬಂದ ಅಂಕವೆಂದು ತಿಳಿಯದೆ ಎರಡು ಕಾರುಗಳನ್ನು ಹೋಲಿಸುವುದು, ಸೇರಿಗೂ ಲೀಟರಿಗೂ ಭೇದವರಿಯದೆ ಹಾಲು ಕೊಂಡಂತೆ.

ಆದರೆ ಈ ಅಂಕ ಗಣಕಯಂತ್ರದ ಹೇಳಿಕೆ ಮಾತ್ರ. ತಯಾರಕನೇ ತನ್ನ ಉತ್ತರಪತ್ರಿಕೆಗೆ ಅಂಕ ಹಾಕಿಕೊಂಡರೆ ನಂಬುವವರಾರು? ಅದಕ್ಕೆ ಒಂದು ಸೊಗಸಾದ ಉಪಾಯವನ್ನು ಮಾಡಿದ್ದಾರೆ. ತಯಾರಕನು ಬಣ್ಣಗಳ ಪಟ್ಟಿಯನ್ನು ಮೊದಲೇ ಒಪ್ಪಿಸುತ್ತಾನೆ. ಪರೀಕ್ಷಕರು ಅದರಿಂದ ಕೆಲವು ಬಿಂದುಗಳನ್ನು ಚೀಟಿಯೆತ್ತಿದಂತೆ ಆರಿಸಿ, ನಿಜವಾದ ಕಾರಿನ ಮೇಲೆ ನಿಜವಾದ ಕೃತಕ ತಲೆಯನ್ನು ಹೊಡೆದು ನೋಡುತ್ತಾರೆ. ಬಣ್ಣದ ಗಡಿಯಲ್ಲಿ ಶೇಕಡ ೧೦ರಷ್ಟು ರಿಯಾಯಿತಿ ಉಂಟು. ಹತ್ತು ಬಿಂದುಗಳಿಗೆ ತಯಾರಕನು ಹೇಳಿದ್ದು ೭ ಅಂಕ, ಪರೀಕ್ಷೆಯಲ್ಲಿ ಬಂದದ್ದು ೬.೩ ಎಂದಾದರೆ, ೬.೩ನ್ನು ೭ರಿಂದ ಭಾಗಿಸಿ ಬಂದ ೦.೯ರಿಂದ ಆತನು ಊಹಿಸಿದ ಬಿಂದುಗಳ ಅಂಕವನ್ನೆಲ್ಲ ಗುಣಿಸುತ್ತಾರೆ. ನಮ್ಮ ಕಾರಿನ ೧೫.೯ ಹೀಗೆ ೧೪.೩ಕ್ಕೆ ಇಳಿಯುತ್ತದೆ. ಹತ್ತು ಬಿಂದುಗಳ ಸತ್ಯವು ಇನ್ನೂರಕ್ಕೂ ಹರಡುತ್ತದೆ. ಬಂದ ಭಾಗಲಬ್ಧವು ೦.೭೫ರಿಂದ ೧.೨೫ರ ವರೆಗಿನ ಮೇರೆಯಲ್ಲಿ ಇಲ್ಲದಿದ್ದರೆ ಆ ಪಟ್ಟಿಯನ್ನೇ ಒಪ್ಪುವುದಿಲ್ಲ.

ಹಾಗಾದರೆ ಟೆಂಪ್ಲೇಟಿನ ವರದಿಯನ್ನು ಕೈಗೆ ತೆಗೆದುಕೊಂಡ ತರುಣ ಎಂಜಿನಿಯರನು ಮೊದಲು ಏನನ್ನು ನೋಡಬೇಕು? ಬಣ್ಣದ ಚಿತ್ರವನ್ನಲ್ಲ, ರೇಖೆಗಳನ್ನು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ದೊಡ್ಡ ತಪ್ಪುಗಳು ತಾವಾಗಿಯೇ ಕೂಗಿ ಹೇಳುತ್ತವೆ. ಮೀಟರಿನ ಲೆಕ್ಕದ ವೇಗೋತ್ಕರ್ಷವನ್ನು ಜಿಗೆ ಪರಿವರ್ತಿಸದೆ ಬಿಟ್ಟರೆ ೯.೮೧ರ ಎರಡೂವರೆ ಘಾತದಷ್ಟು, ಎಂದರೆ ಮುನ್ನೂರರಷ್ಟು ದೊಡ್ಡ ಉತ್ತರ ಬರುತ್ತದೆ; ಬಾನೆಟ್ಟು ಪೂರ್ತಿ ಕೆಂಪು; ಯಾರೂ ಮೋಸಹೋಗರು. ಮೋಸ ಮಾಡುವುದು ಮೆಲ್ಲಗೆ ಮಾತಾಡುವ ತಪ್ಪು. ಸೋಸುವ ಜರಡಿ ಬೇಕಾದುದಕ್ಕಿಂತ ಬಿಗಿಯಾಗಿದ್ದರೆ ನಡುಕದೊಡನೆ ನಿಜವಾದ ಶಿಖರವೂ ಸವೆದು, ಹಳದಿಯಾಗಬೇಕಾದ ಬಿಂದು ಹಸುರಾಗುತ್ತದೆ. ಇನ್ನೂ ಸೂಕ್ಷ್ಮವಾದುದು, ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸುವುದು. ತಗಡು ಮೊದಲ ಕೆಲವು ಮಿಲಿಸೆಕೆಂಡು ಮೃದುವಾಗಿ ತಗ್ಗುತ್ತದೆ. ಆಮೇಲೆ ಅಡಿಯ ಎಂಜಿನ್ನಿಗೆ ತಾಗಿ ರೇಖೆಯಲ್ಲಿ ಎರಡನೆಯ, ಹೆಚ್ಚು ಚೂಪಾದ ಶಿಖರವೇಳುತ್ತದೆ. ಗಣನೆಯನ್ನು ಬೇಗ ಮುಗಿಸುವ ಆತುರದಲ್ಲಿ ಅದಕ್ಕೆ ಮೊದಲೇ ನಿಲ್ಲಿಸಿದರೆ ಟೆಂಪ್ಲೇಟು ಇರುವಷ್ಟು ರೇಖೆಯಿಂದಲೇ ಎಚ್‌ಐಸಿ ತೆಗೆದು, ಸ್ವಲ್ಪವೂ ಸಂಕೋಚವಿಲ್ಲದೆ ಹಸುರು ಬಳಿಯುತ್ತದೆ.

ಇದನ್ನು ಹಿಡಿಯಲು ಎರಡನೆಯ ಪಿ.ಯು.ಸಿ.ಯ ಕಲನಶಾಸ್ತ್ರ ಸಾಕು. ವೇಗೋತ್ಕರ್ಷ-ಕಾಲ ರೇಖೆಯ ಕೆಳಗಿನ ಕ್ಷೇತ್ರಫಲವು ವೇಗದ ಬದಲಾವಣೆ. ಬಾನೆಟ್ಟಿಗೆ ಲಂಬವಾದ ದಿಕ್ಕಿನಲ್ಲಿ ಆ ಕ್ಷೇತ್ರಫಲವನ್ನು ತೆಗೆದು, ತಲೆಯ ಆರಂಭದ ವೇಗದ ಅದೇ ಘಟಕದೊಡನೆ ಹೋಲಿಸಬೇಕು. ಕ್ಷೇತ್ರಫಲ ಕಡಿಮೆಯಿದ್ದರೆ ತಲೆ ಇನ್ನೂ ನಿಂತಿಲ್ಲ, ಕಥೆ ಮುಗಿದಿಲ್ಲ. ಸಮವಾಗಿದ್ದರೆ ನಿಂತಿದೆ, ಸ್ವಲ್ಪ ಹೆಚ್ಚಾಗಿದ್ದರೆ ಪುಟಿದು ಹಿಂದಕ್ಕೆ ಹೊರಟಿದೆ. ಒಳ್ಳೆಯ ಟೆಂಪ್ಲೇಟನ್ನು ಬರೆಯುವವನು ಬಣ್ಣದ ಪಕ್ಕದಲ್ಲಿ ಈ ಒಂದು ಸಂಖ್ಯೆಗೂ ಮನೆ ಬಿಡುತ್ತಾನೆ. ಇಂಥ ಮನೆಗಳನ್ನು ತೀರ್ಮಾನಿಸುವುದು ಮನುಷ್ಯನ ಕೆಲಸ, ತುಂಬುವುದು ಯಂತ್ರದ ಕೆಲಸ.

ಇನ್ನು ಬಸ್ಸಿನ ಮಾತು. ಮೇಲೆ ಹೇಳಿದ ನಿಯಮಗಳು ಕಾರುಗಳಿಗೂ ಕೆಲವು ಹಗುರ ಸರಕುವಾಹನಗಳಿಗೂ ಹೊರತು, ಬೇಲೂರಿನಂಥ ಕಾರ್ಖಾನೆಯಿಂದ ಹೊರಬರುವ ದೊಡ್ಡ ಬಸ್ಸಿಗೆ ಅನ್ವಯಿಸುವುದಿಲ್ಲ. ಕಾರಣವು ಆಕಾರದಲ್ಲಿದೆ. ಕಾರು ಮೊದಲು ಕಾಲಿಗೆ ತಾಗುತ್ತದೆ. ದೇಹವು ಬಾಗಿ ಬಾನೆಟ್ಟಿನ ಮೇಲೆ ಮಲಗುವಂತಾಗಿ ತಲೆಯು ಕಮಾನಿನಂತೆ ಬಂದು ಬಡಿಯುತ್ತದೆ. ಬಸ್ಸಿನ ಮುಖ ಗೋಡೆಯಂತೆ ಸಪಾಟು. ಕಾಲು, ಸೊಂಟ, ಎದೆ, ತಲೆ ಎಲ್ಲಕ್ಕೂ ಬಹುತೇಕ ಒಂದೇ ಕ್ಷಣಕ್ಕೆ ತಾಗಿ, ಇಡೀ ದೇಹವು ಬಸ್ಸಿನ ವೇಗವನ್ನು ಪಡೆದು ಮುಂದಕ್ಕೆ ಚಿಮ್ಮುತ್ತದೆ. ಆಮೇಲೆ ತಲೆ ಬಡಿಯುವುದು ರಸ್ತೆಗೆ. ಅದರ ಹಿಂದೆಯೇ ಗಾಲಿಗಳು ಬರುತ್ತವೆ. ರಸ್ತೆಗೂ ಗಾಲಿಗೂ ಕಾರಿನ ಟೆಂಪ್ಲೇಟಿನಲ್ಲಿ ಮನೆಗಳೇ ಇಲ್ಲ. ಬಸ್ಸಿನ ಮುಖದ ಮೇಲೆ ಜಾಲರಿ ಹಾಸಿ ಬಣ್ಣ ಬಳಿಯಲು ತಂತ್ರಾಂಶವು ಅಡ್ಡಿ ಮಾಡುವುದಿಲ್ಲ. ವರದಿಯೂ ಅಂದವಾಗಿಯೇ ಬರುತ್ತದೆ. ಅದು ಪಾದಚಾರಿಯ ಗತಿಯನ್ನು ಹೇಳುವುದಿಲ್ಲ, ಅಷ್ಟೆ.

ನಿಂತ ಬಸ್ಸು ಹೊರಡುವ ಸಂದರ್ಭವನ್ನು ತೆಗೆದುಕೊಳ್ಳಿರಿ. ಹುಬ್ಬಳ್ಳಿ-ಧಾರವಾಡಗಳ ನಡುವೆ ೨೦೧೮ರಲ್ಲಿ ಓಡತೊಡಗಿದ ಚಿಗರಿ ಬಸ್ಸುಗಳಿಗಾಗಿ ನಿಲ್ದಾಣಗಳನ್ನು ರಸ್ತೆಯ ನಡುವೆ ಕಟ್ಟಿದರು. ಬಸ್ಸು ಹತ್ತಬೇಕಾದವರು ಮೊದಲು ಅರ್ಧ ರಸ್ತೆಯನ್ನು ದಾಟಲೇಬೇಕು. ಎತ್ತರದ ಆಸನದಲ್ಲಿ ಕುಳಿತ ಯಾವ ಬಸ್ಸಿನ ಚಾಲಕನಿಗೂ ಗಾಜಿನ ಬುಡಕ್ಕೆ ಅಂಟಿಕೊಂಡಂತೆ ನಡೆಯುವ ಮಗು ಕಾಣುವುದು ಕಷ್ಟ. ಬಸ್ಸು ಗಂಟೆಗೆ ೫ ಕಿ.ಮೀ. ವೇಗದಲ್ಲಿ ಆ ಮಗುವಿಗೆ ತಾಗಿತೆನ್ನೋಣ. ೪೦ರ ಎಂಟನೆಯ ಒಂದು ಪಾಲು ವೇಗ. ನಾಲ್ಕನೆಯ ಘಾತದ ಲೆಕ್ಕದಲ್ಲಿ ಪೆಟ್ಟು ೪,೦೯೬ರಲ್ಲಿ ಒಂದು ಪಾಲು. ಎಚ್‌ಐಸಿ ಒಂದಕ್ಕಿಂತಲೂ ಕಡಿಮೆ. ಬಸ್ಸಿನ ಮುಖವೆಲ್ಲ ಹಸುರೋ ಹಸುರು. ಆದರೆ ಮಗು ಬಿದ್ದಿದೆ, ಬಸ್ಸು ನಿಂತಿಲ್ಲ.

ಈ ಅಪಾಯಕ್ಕೆ ಬೇರೆಯೇ ಬಗೆಯ ಪರೀಕ್ಷೆ ಬೇಕಾಯಿತು. ಬಸ್ಸು ಲಾರಿಗಳು ಹೊರಡುವಾಗ ಮುಂದೆ ಯಾರಾದರೂ ಇದ್ದರೆ ಚಾಲಕನಿಗೆ ತಿಳಿಸುವ ಸಾಧನವನ್ನು ಯೂರೋಪಿನ ಒಕ್ಕೂಟವು ೨೦೨೨ರ ಜುಲೈಯಿಂದ ಹೊಸ ಮಾದರಿಗಳಿಗೂ, ೨೦೨೪ರ ಜುಲೈಯಿಂದ ಹೊಸದಾಗಿ ಮಾರುವ ಎಲ್ಲ ಬಸ್ಸು ಲಾರಿಗಳಿಗೂ ಕಡ್ಡಾಯ ಮಾಡಿತು. ಅದರ ಪರೀಕ್ಷೆಯಲ್ಲಿ ಯಾವ ತಲೆಯನ್ನೂ ಯಾವ ತಗಡಿಗೂ ಹೊಡೆಯುವುದಿಲ್ಲ. ವಾಹನದ ಮುಂದೆ ಮನುಷ್ಯಾಕಾರದ ಗೊಂಬೆಯನ್ನು ಅಡ್ಡ ದಾಟಿಸಿ, ಚಾಲಕನ ಆಸನದಲ್ಲಿ ಸೂಚನೆ ಬಂದಿತೇ ಇಲ್ಲವೇ ಎಂದು ನೋಡುತ್ತಾರೆ.